ಅರ್ಧ ಇಂಚು ಒಳಗೆ

ಬಿಚ್ಚಿದ ದಾರ ಬೆರಳಿಗೆ ಸುತ್ತಿಕೊಳ್ಳುತ್ತಿದೆ, ನೀಲಿ ದಾರ, ನಾನೇ ಹಾಕಿದ ಹೊಲಿಗೆ ನಾನೇ ಬಿಚ್ಚುವುದು, ಬ್ಲೇಡಿನ ಮೂಲೆ ಅಲ್ಲಲ್ಲಿ ತಾಗಿಸಿದರೆ ಸಾಕು, ಉಳಿದದ್ದು ತಾನೇ ಸರಸರ ಬರುತ್ತದೆ — ಟೀಚರ ಅಂಗಿ ಇದು, ಜೊತೆಗೆ ಪಿನ್ನು ಚುಚ್ಚಿದ ಚೀಟಿ, ಗುಂಡು ಗುಂಡು ಅಕ್ಷರ, ಅಕ್ಕ, ಎರಡೂ ಪಕ್ಕ ಅರ್ಧ ಇಂಚು ಒಳಗೆ ಹಿಡಿಯಿರಿ, ನಾಳೆ ನಾಲ್ಕಕ್ಕೆ ಬರುತ್ತೇನೆ. ಎದುರಿಗೆ ಕೂತು ಗುಂಡಿ ತೂತಿಗೆ ಕಾಜಾ ಹಾಕುತ್ತಿರುವ ನಾದಿನಿ ತಲೆ ಎತ್ತದೆ, ಬಿಚ್ಚೋದ್ಯಾಕೆ ಅತ್ತಿಗೆ, ಅದರ ಪಕ್ಕದಲ್ಲೇ ಇನ್ನೊಂದು ಹೊಡೀರಿ, ಒಳಗೆ ಯಾರು ಇಣುಕಿ ನೋಡ್ತಾರೆ ಅನ್ನುತ್ತಾಳೆ, ನಾನು ನೋಡ್ತೀನಿ ಅಂದೆ, ಹೌದಪ್ಪಾ, ನಿಮಗೊಬ್ಬರಿಗೇ ಕಣ್ಣಿರೋದು. ಕಿಟಕಿಗೆ ಹಿಡಿದರೆ ಬಟ್ಟೆಯಲ್ಲಿ ಸೂಜಿ ತೂತುಗಳು, ಮೊದಲ ಹೊಲಿಗೆಯದೊಂದು ಸಾಲು, ಚಳಿ ಹಿಡಿದಾಗ ಒಳಗೆ ಹಿಡಿದದ್ದೊಂದು, ಬೇಸಿಗೆಯದು ಈಗ ಬಿಚ್ಚಿದ್ದು, ಮೂರು ಸಾಲು, ಯಾರೋ ಒಂದೊಂದೇ ಮೆಟ್ಟಿಲು ಇಳಿದ ಹಾಗೆ. ಅರ್ಧ ಇಂಚು ಅಂದರೆ ಕೇಳುವವರಿಗೆ ಚಿಟಿಕೆಯಷ್ಟು, ಆದರೆ ಮುಂದೆ ಹಿಂದೆ, ಎಡ ಬಲ, ಸುತ್ತಳತೆಯಲ್ಲಿ ಎರಡು ಇಂಚು, ಇದೂ ಸೇರಿ ಮೂರು ಸಲಕ್ಕೆ ಆರು, ಆರು ಇಂಚು ಟೀಚರು ಒಂದು ವರ್ಷದಲ್ಲಿ ಎಲ್ಲಿ ಬಿಟ್ಟು ಬಂದರು.

ಆ ಕಾಯಿಲೆಯ ವರ್ಷ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ನಾನೂ ಅಂಗಡಿ ಬಾಗಿಲಿಗೆ ಅಡ್ಡ ಹಲಗೆ ಹೊಡೆಸಿದೆ, ಮೇಲೆ ಪ್ಲಾಸ್ಟಿಕ್ ಹಾಳೆ, ನಡುವೆ ಕೈ ತೂರುವಷ್ಟು ಸಂದು, ನಿಮ್ಮ ಅಳತೆ ನೀವೇ ತಗೊಂಡು ಬನ್ನಿ ಎಂದು ಬೋರ್ಡು — ಕಿರಾಣಿಯವನು ಹೊಟ್ಟೆ ಒಳಗೆಳೆದು ಅಳೆದುಕೊಂಡು, ಅಂಗಿ ತೊಟ್ಟು ಸೀನಿದ ತಕ್ಷಣ ಎರಡು ಗುಂಡಿ ಹಾರಿ, ನಿನ್ನ ಹೊಲಿಗೆ ಸರಿಯಿಲ್ಲಮ್ಮ ಎಂದು ಜಗಳಕ್ಕೆ ಬಂದಿದ್ದ, ಆಮೇಲೆ ಹಳೇ ಅಂಗಿಯನ್ನೇ ಅಳತೆಗೆ ಕಳಿಸಿ ಅಂದೆವು, ಕಾಯಿಲೆ ಹೋಯಿತು, ಹಲಗೆ ಹೋಗಲಿಲ್ಲ. ಇರಲಿ ಬಿಡಿ ಅತ್ತಿಗೆ, ದಿನಕ್ಕೆ ನಾಲ್ಕು ಅಂಗಿ ಆಗ್ತಿದ್ದದ್ದು ಎಂಟಾಗ್ತಿದೆ, ಕಾಡುಹರಟೆ ಇಲ್ಲ, ನೆಮ್ಮದಿ. ಬ್ಯಾಂಕಿನವರು ಗಾಜಿನ ಹಿಂದೆ, ಡಾಕ್ಟರು ಫೋನಿನೊಳಗೆ, ಟೀಚರ ಶಾಲೆಯಂತೂ ಕಂಪ್ಯೂಟರಿನೊಳಗೇ ಉಳಿದುಬಿಟ್ಟಿತು, ಮಕ್ಕಳಿಗೆ ಕಾಣುವುದು ಅವರ ಮುಖ, ಕುತ್ತಿಗೆ, ಹಿಂದಿನ ಗೋಡೆ, ಮನೆಯಲ್ಲಿ ಒಬ್ಬರೇ, ಹಾಗಾದರೆ ಅವರನ್ನು ಪೂರ್ತಿಯಾಗಿ ನೋಡಿದವರು ಯಾರು, ನಾನೂ ನೋಡಿಲ್ಲ, ನನಗೆ ಸಿಕ್ಕುವುದು ಮಂಜುಮಂಜು ಮುಖ, ಸಂದಿನಲ್ಲಿ ಒಂದು ಕೈ, ಹೋದ ಸಲ ಕೈಗಡಿಯಾರ ಮೊಣಕೈವರೆಗೆ ಜಾರಿತ್ತು, ಡಾಕ್ಟರಿಗೆ ಫೋನ್ ಮಾಡಿದ್ದೆ ಅಕ್ಕ, ಟಾನಿಕ್ ಹೇಳಿದ್ದಾರೆ, ನಾನೂ ಸರಿ ಹೋಗುತ್ತೆ ಬಿಡಿ ಅಂದೆ, ಯಾವ ಬಾಯಲ್ಲಿ ಅಂದೆನೋ. ಹಲಗೆ ಬರುವ ಮೊದಲು ಅಂಚೆಯವನ ಹೆಂಡತಿಗೆ ಟೇಪು ಸುತ್ತುವಾಗ ಕಂಕುಳ ಹತ್ತಿರ ಬೆರಳಿಗೆ ಗೋಲಿಯಷ್ಟು ಗಂಟು ತಾಗಿದ್ದು ಇದೇ ಕೋಣೆಯಲ್ಲಿ, ಇವತ್ತೇ ಆಸ್ಪತ್ರೆಗೆ ಹೋಗು ಮಾರಾಯ್ತಿ, ಬಟ್ಟೆ ಆಮೇಲೆ ಅಂದಿದ್ದೆ, ಬೈದುಕೊಂಡೇ ಹೋದಳು, ಈಗ ಬೀದಿ ಕೊನೆಯಲ್ಲಿ ಸೈಕಲ್ ತುಳಿಯುತ್ತಾಳೆ, ಗಟ್ಟಿಮುಟ್ಟು. ಹಳೇ ಅಂಗಿ ಹೇಳುವುದು ಅಂಗಿಯ ಅಳತೆ, ಅದರೊಳಗೆ ಇದ್ದವರದಲ್ಲ.

ಟೇಪು ಮೊಳೆಯಲ್ಲೇ ತೂಗುತ್ತಿದೆ, ಸುರುಳಿ ಬಿಚ್ಚಲಾರದಷ್ಟು ಬಿಗಿದುಕೊಂಡಿದೆ, ಅಳತೆ ತೆಗೆಯುತ್ತಿದ್ದ ಪರದೆಯ ಮೂಲೆ ತುಂಬ ಬಟ್ಟೆ ಗಂಟು, ಒಂದು ಗಂಟೆ ಸಾಕು ಖಾಲಿ ಮಾಡಲು, ಹಲಗೆಗೆ ನಾಲ್ಕೇ ಸ್ಕ್ರೂ, ಕೆಳಗಿನೆರಡು ತುಕ್ಕು ಹಿಡಿದಿವೆ, ಎಣ್ಣೆ ಬಿಟ್ಟರೆ ತಿರುಗದೆ ಎಲ್ಲಿಗೆ ಹೋದಾವು, ನಾದಿನಿ ಮೂರಕ್ಕೆ ಗುಂಡಿ ತರಲು ಹೋಗುತ್ತಾಳೆ. ನಾಳೆ ಟೀಚರು ಕೈ ಚಾಚಿದಾಗ ಅಲ್ಲಿ ಸಂದು ಇರುವುದಿಲ್ಲ, ಒಳಗೆ ಬನ್ನಿ ಅನ್ನುತ್ತೇನೆ, ಬೇಡ ಅಕ್ಕ ಅಂದರೆ ಕೈ ಹಿಡಿದೇ ಕರೆಯುತ್ತೇನೆ, ಟೇಪು ಸುತ್ತುತ್ತೇನೆ, ಆಮೇಲೆ ಫೋನಿನೊಳಗಿನ ಡಾಕ್ಟರಲ್ಲ, ಮೈ ಮುಟ್ಟಿ ನೋಡುವ ಡಾಕ್ಟರು, ಊರಾಚೆಯ ಆಸ್ಪತ್ರೆಯಲ್ಲಾದರೂ ಸರಿ, ನಾನೇ ಜೊತೆಗೆ ಹೋಗುತ್ತೇನೆ, ಎಂಟು ಅಂಗಿ ನಾಲ್ಕಾದರೆ ಆಗಲಿ. ಏನತ್ತಿಗೆ, ಬಿಚ್ಚಿಟ್ಟುಕೊಂಡು ಕೂತಿದ್ದೀರಿ, ಹೊಲಿಯಲ್ವಾ. ಹೊಲಿಯೋಣ ಅಂದೆ, ಮಿಷನ್ನಿನ ಕಡೆ ತಿರುಗಲಿಲ್ಲ, ಅಂಗಿ ಮಡಿಚಲೂ ಇಲ್ಲ, ತೆರೆದ ಪಕ್ಕ ಮತ್ತೆ ಕಿಟಕಿಗೆ ಹಿಡಿದೆ, ಬೆಳಕು ತೂರಿ ಬರುತ್ತಿದೆ, ಮೂರು ಸಾಲು ತೂತು, ನಾಲ್ಕನೆಯದಕ್ಕೆ ಜಾಗವಿದೆ, ಜಾಗ ಹಾಗೇ ಇರಲಿ, ಮೂರು ಸಾಲು, ಮೂರು —