ಕೊರಳಿನ ಮೂರು ಬರೆ

ತಣ್ಣಗಿರಬೇಕು ಅದು, ಸುಗುಣ ಭುಜ ಕುಗ್ಗಿಸಿಕೊಂಡಳಲ್ಲ, ಗಂಜಿಯಂಥ ಅಂಟನ್ನು ಡಾಕ್ಟರು ಮಗಳ ಕೊರಳಿಗೆ ಬಳಿಯುತ್ತಿದ್ದಾರೆ, ಭಾನುವಾರ ಮಾತ್ರ ಬೆಂಗಳೂರಿನಿಂದ ಕೋಲಾರಕ್ಕೆ ಬರುವ ಡಾಕ್ಟರು, ಹೋದ ವರ್ಷವಷ್ಟೇ ಬಂದ ಸ್ಕ್ಯಾನಿಂಗ್ ಮಿಷನ್ನು, ಅದರ ಹಿಡಿಯನ್ನು ಕಿವಿಯ ಕೆಳಗಿಂದ ನುಣ್ಣಗೆ ಎಳೆದು ತಂದವರು ಬರೆಯ ಮೇಲೆ ಬಂದಾಗ ನಿಲ್ಲುತ್ತಾರೆ — ಇದೇನಮ್ಮ ಗುರುತು? ಕಾದ ನೀರು ಬಿತ್ತು ಸ್ವಾಮಿ, ಎಂದುಬಿಡುತ್ತಾಳೆ ಮುನಿಗಂಗಮ್ಮ, ಬಾಯಿಗೆ ಹುಳ ಬೀಳಲಿ, ಕಾದ ನೀರು ಮೂರು ಗೆರೆ ಎಳೆದ ಹಾಗೆ ಬೀಳುತ್ತದೆಯೇ, ಸುಗುಣ ಗೋಡೆ ನೋಡುತ್ತಿದ್ದಾಳೆ, ಆವತ್ತೂ ಕೂಗಲಿಲ್ಲ ಅವಳು, ಅಮ್ಮಾ ಬಿಡೇ ಅಂದಳು, ಅಷ್ಟೇ, ಕೆಂಪು ಟೇಪು ಹಾಕಿ ಹೆಣೆದ ಜಡೆ. ಪರದೆಯ ಮೇಲೆ ಬೂದಿ ಕೆದರಿದ ಹಾಗಿದೆ, ಬೂದಿಯೊಳಗೆ ಕಪ್ಪಗೆ ಒಂದು, ಎರಡು, ನಾಲ್ಕು — ಉದ್ದಕ್ಕಿರೋ ಗಂಟು ಪರವಾಗಿಲ್ಲಮ್ಮ, ಎಲ್ಲರ ಕೊರಳಲ್ಲೂ ಇರ್ತವೆ, ಈ ದುಂಡಗಿರೋವೇ ಯೋಚನೆ, ಒಂದಕ್ಕೊಂದು ಅಂಟ್ಕೊಂಡಿವೆ ನೋಡು, ಕ್ಷಯದ್ದಾದ್ರೆ ಮಾತ್ರೆಗೆ ಬಗ್ಗುತ್ತೆ, ಬೇರೇದಾದ್ರೆ ಕಷ್ಟ, ಸೂಜಿ ಹಾಕಿ ತೆಗೆದು ನೋಡ್ಬೇಕು, ಇಷ್ಟು ದಿನ ಎಲ್ಲಿದ್ರಿ?

ಎಲ್ಲಿದ್ದೆವು, ವಕ್ಕಲೇರಿಯಲ್ಲೇ ಇದ್ದೆವು, ಬಸ್ಸು ಹತ್ತಿದರೆ ಆಸ್ಪತ್ರೆ, ಯುಗಾದಿಯಲ್ಲಿ ಗಡ್ಡೆ ಹುಣಸೆಬೀಜದಷ್ಟಿತ್ತು, ಎಣ್ಣೆ ಹಚ್ಚುವಾಗ ಕೈಗೆ ಸಿಕ್ಕಿತು, ಆಸ್ಪತ್ರೆಗೆ ಹೋದರೆ ಊರಿಗೆಲ್ಲ ತಿಳಿಯುತ್ತದೆ, ಕದಿರಪ್ಪನಿಗೆ ತಿಳಿಯುತ್ತದೆ, ಒಡಹುಟ್ಟಿದ ತಮ್ಮ, ಸುಗುಣಳ ನಾಮಕರಣದ ದಿನ ತೊಟ್ಟಿಲ ಹಗ್ಗ ಹಿಡಿದು ಅಕ್ಕಾ ಇವಳು ನನ್ನೋಳೇ ಅಂದಿದ್ದ ಸೋದರಮಾವ, ಹದಿನೇಳು ವರ್ಷ ಅದೇ ಮಾತಿನ ಮೇಲೆ ಮಗಳನ್ನು ಸಾಕಿದಳು, ತಿಳಿದೇ ತಿಳಿಯಿತು, ಅವನೇ ಬಂದ, ಮುಟ್ಟಿ ನೋಡಿದ, ಗಂಡಮಾಲೆ ಕಣಕ್ಕಾ, ಆಸ್ಪತ್ರೇಲಿ ಕೊಯ್ದುಬಿಡ್ತಾರೆ, ತಾತ ಹಾಕ್ತಿದ್ದ ಹಾಗೆ ಮೂರು ಬರೆ ಎಳೆದ್ರೆ ಬತ್ತೋಗುತ್ತೆ, ಶ್ರಾವಣದಲ್ಲಿ ತಾಳಿ ಕಟ್ತೀನಿ. ನೀರೊಲೆಯಲ್ಲಿ ಕುಡುಗೋಲು ಇಟ್ಟವನು ಅವನೇ, ಗಟ್ಟಿಗಾ ಪಟ್ಟುಕೋ ಅಕ್ಕಾ ಅಂದ, ಗಟ್ಟಿಯಾಗಿ ಹಿಡಿದವಳು ಹೆತ್ತವಳು ಇವಳೇ, ಕೊರಳು ಚೆನ್ನಾಗಿ ಕಾಣಲಿ ಎಂದು ಜಡೆಯನ್ನು ಮೇಲಕ್ಕೆ ಜಗ್ಗಿ, ಬೆಳಿಗ್ಗೆ ತಾನೇ ಹೆಣೆದ ಜಡೆ, ತಾನೇ ಗಂಟು ಹಾಕಿದ ಕೆಂಪು ಟೇಪು, ಸುಟ್ಟ ವಾಸನೆ ಬಂದಾಗಲೂ ಬಿಡಲಿಲ್ಲ. ಶ್ರಾವಣದಲ್ಲಿ ಕಟ್ಟಿದ ಮಹಾನುಭಾವ, ಶ್ರೀನಿವಾಸಪುರದ ಹುಡುಗಿಗೆ, ಕೊರಳಲ್ಲಿ ಬರೆ ಇರೋಳನ್ನ ಹೆಂಗಕ್ಕಾ ನಾಕು ಜನದ ಮುಂದೆ ಕೂರ್ಸೋದು, ನೀನೇ ಹೇಳು ಅಂದ, ಬರೆ ಎಳೆದವನೇ ಅಂದ, ಮುನಿಗಂಗಮ್ಮ ಹೋದಳು, ನಾಚಿಕೆಗೆಟ್ಟವಳು, ಅಕ್ಕನೆಂದು ಕಳಸಗಿತ್ತಿಯಾಗಿ ಅವನ ಪಕ್ಕದಲ್ಲೇ ನಿಂತಳು, ಅವನು ಕೊಟ್ಟ ಸೀರೆ ಉಟ್ಟು, ಇತ್ತ ಮಗಳು ಕೊರಳಿಗೆ ಟವೆಲು ಸುತ್ತಿಕೊಂಡು ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದಳು, ಬರೆ ಒಣಗಿತು, ಗಡ್ಡೆ ಒಣಗಲಿಲ್ಲ, ಒಂದಿದ್ದದ್ದು ನಾಲ್ಕಾಯಿತು, ಎಂಟು ತಿಂಗಳು. ಹಿಂದಕ್ಕೂ ಇದೆ ಅನ್ಸುತ್ತೆ, ಪಕ್ಕಕ್ಕೆ ತಿರುಗಮ್ಮ, ಡಾಕ್ಟರು ಹಿಡಿಗೆ ಮತ್ತೆ ಅಂಟು ಬಳಿಯುತ್ತಾರೆ, ನೀವು ಸ್ವಲ್ಪ ಆ ಜಡೆ ಎತ್ತಿ ಹಿಡ್ಕೊಳ್ಳಿ ತಾಯಿ. ಮುನಿಗಂಗಮ್ಮ ಕೈ ಚಾಚುತ್ತಾಳೆ, ಕೈ ತಗಲುವ ಮೊದಲೇ ಸುಗುಣ ಕಣ್ಣು ಮುಚ್ಚಿ ಹಲ್ಲು ಕಚ್ಚಿಕೊಂಡಿದ್ದಾಳೆ, ಇದು ಸುಡಲ್ಲ ಕಣೇ, ಬರೀ ಮಿಷನ್ನು ಕಣೇ, ಸುಡಲ್ಲ — ಎನ್ನಬೇಕು, ಮುಷ್ಟಿಯೊಳಗೆ ಜಡೆ, ಜಡೆಯ ತುದಿಗೆ ಕೆಂಪು ಟೇಪು, ಕೆಂಪು ಟೇಪು