ಅಂಗೈಗೆ ತಿಳಿಯದ ಬಿಸಿ

ಬೀದಿಯ ತಿರುವಿನಲ್ಲಿದ್ದ ಇಸ್ತ್ರಿ ಅಂಗಡಿಯನ್ನು ಗಂಡ ಹೆಂಡತಿ ಇಬ್ಬರೇ ನಡೆಸುತ್ತಿದ್ದರು. ಮೇಜಿನ ಮುಂದೆ ನಿಲ್ಲುವವಳು ಅವಳು, ಬಟ್ಟೆ ಮಡಚುವವನು ಅವನು. ಕೆಲವು ವಾರಗಳಿಂದ ಅವಳ ಬಲಭುಜ ಬಿಗಿದುಕೊಂಡಿತ್ತು. ಅಂಗಿಯ ತೋಳಿನುದ್ದಕ್ಕೂ ಇಸ್ತ್ರಿ ಪೆಟ್ಟಿಗೆಯನ್ನು ಸರಿಸುವಾಗಲೆಲ್ಲ ನೋವು ಕತ್ತಿನವರೆಗೂ ಏರುತ್ತಿತ್ತು.

"ಮೇಜಿಗೆ ಬೇರೆ ಯಾರನ್ನಾದರೂ ಇಡೋಣ. ನೀನು ಕೂತು ಅಂಗಿಗಳ ಗುಂಡಿ ಹಾಕು," ಎಂದ ಗಂಡ.

"ಮೇಜು ನನ್ನದು. ಆ ಮಾತು ಇನ್ನೊಮ್ಮೆ ಎತ್ತಬೇಡಿ."

ಅವಳು ತನ್ನದೇ ಔಷಧಿ ಕಂಡುಕೊಂಡಿದ್ದಳು. ಟವೆಲನ್ನು ಮಡಚಿ, ನೀರು ಚಿಮುಕಿಸಿ, ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ, ಅಂಗೈಯಿಂದ ಮುಟ್ಟಿ ನೋಡಿ ಭುಜದ ಮೇಲೆ ಹಾಕಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ನೋವಿನ ಮುಲಾಮು ಹಚ್ಚಿಕೊಂಡು, ಅದರ ಮೇಲೆಯೇ ಟವೆಲನ್ನು ಒತ್ತಿಹಿಡಿದಳು. ಸಂಜೆಗೆ ಭುಜದ ಮೇಲೆ ಗುಳ್ಳೆಗಳೆದ್ದಿದ್ದವು.

ಪಕ್ಕದ ಬೀದಿಯ ಆಸ್ಪತ್ರೆಯ ನರ್ಸಕ್ಕ ತನ್ನ ಬಿಳಿ ಕೋಟು ಒಯ್ಯಲು ಬಂದಾಗ ಅದನ್ನು ಕಂಡಳು.

"ಇದು ಯಾರು ಮಾಡಿದ್ದು?"

"ನಾನೇ. ಮುಲಾಮು ಹಚ್ಚಿ ಟವೆಲು ಇಟ್ಟೆ, ಅದು ಅಷ್ಟೇನೂ ಬಿಸಿ ಇರಲಿಲ್ಲ. ದಿನವಿಡೀ ಬಿಸಿಯ ಜೊತೆ ಸಂಸಾರ ಮಾಡೋಳು ನಾನು. ನನಗೇ ಪಾಠ ಹೇಳ್ತೀರಾ ನರ್ಸಕ್ಕ?"

"ಬಟ್ಟೆಗೆಷ್ಟು ಬಿಸಿ ಬೇಕು ಅಂತ ನಿಮ್ಮನ್ನೇ ಕೇಳ್ತೀನಿ. ಮೈ ವಿಷಯ ಬೇರೆ. ಆ ಟವೆಲನ್ನ ಈಗಲೇ ಒತ್ತಿ, ಅಂಗೈ ಬಿಟ್ಟು ತೋಳಿನ ಒಳಭಾಗಕ್ಕೆ ಮುಟ್ಟಿಸಿ ನೋಡಿ."

ಅವಳು ಟವೆಲನ್ನು ಒತ್ತಿದಳು. ಅಂಗೈಗೆ ಹಿತವಾಗಿತ್ತು. ಮೊಣಕೈಯ ಕೆಳಗಿನ ಎಳೆಯ ಚರ್ಮಕ್ಕೆ ಮುಟ್ಟಿಸಿದವಳೇ ಕೈ ಕೊಡವಿಕೊಂಡಳು.

"ನಿಮ್ಮ ಅಂಗೈ ಇಸ್ತ್ರಿ ಕಾವಿಗೆ ಪಳಗಿಬಿಟ್ಟಿದೆ. ಅದರ ಸಾಕ್ಷಿ ನಡೆಯಲ್ಲ," ಎಂದಳು ನರ್ಸಕ್ಕ. "ಮುಲಾಮು ಹಚ್ಚಿದ ಮೇಲೆ ಶಾಖ ಕೊಡಲೇಬಾರದು. ಗುಳ್ಳೆ ಒಡೀಬೇಡಿ. ವಾಸಿಯಾಗೋವರೆಗೂ ಅಲ್ಲಿ ಬಿಸಿ ಬೇಡ. ನಾಳೆ ವೈದ್ಯರಿಗೆ ತೋರಿಸಿ."

ವೈದ್ಯರು ಪರೀಕ್ಷಿಸಿ, ಸ್ನಾಯು ಬಿಗಿದಿದೆ, ಗಾಯ ಮಾಗಿದ ಮೇಲೆ ಹದವಾದ ಶಾಖ ಕೊಡಬಹುದು ಎಂದರು. ಗಂಡ ಕರೆಂಟಿನಿಂದ ಕಾಯುವ ಶಾಖದ ಪ್ಯಾಡ್ ತಂದ.

"ಅಂಗಡೀಲಿ ವೈರಿನ ಜೊತೆ ಬಡಿದಾಡೋದು ಸಾಲದು ಅಂತ ಮನೆಗೂ ಒಂದು ವೈರು ತಂದ್ರಾ?" ಎಂದು ಅವಳು ಮೂಗು ಮುರಿದಳು.

ಗಾಯ ಮಾಗಿದ ಮೇಲೆ ಅಂಗಡಿಗೆ ಬಂದ ನರ್ಸಕ್ಕ ಅದರ ಬಳಕೆ ತೋರಿಸಿಕೊಟ್ಟಳು. ಪ್ಯಾಡಿಗೂ ಮೈಗೂ ನಡುವೆ ಒಣಬಟ್ಟೆ. ಕಡಿಮೆ ಬಿಸಿ, ಹದಿನೈದು ನಿಮಿಷ, ಅಷ್ಟೇ. ಮೈಭಾರ ಅದರ ಮೇಲೆ ಹಾಕಬಾರದು, ಹಾಕಿಕೊಂಡು ನಿದ್ದೆ ಮಾಡಬಾರದು. ಬಳಿಕ ಅಂಗಡಿಯನ್ನೊಮ್ಮೆ ನೋಡಿ, "ಮೇಜು ನಿಮಗೆ ಎತ್ತರ. ಭುಜ ಎತ್ತಿಕೊಂಡೇ ಕೆಲಸ ಮಾಡ್ತೀರಿ. ಕಾಲಡಿಗೆ ಅಗಲವಾದ ಹಲಗೆ ಹಾಕಿಕೊಳ್ಳಿ. ಬರೀ ಶಾಖದಿಂದ ಎಲ್ಲಾ ಆಗಲ್ಲ," ಎಂದಳು.

ಹಲಗೆ ಬಂತು. ವೈದ್ಯರು ಹೇಳಿಕೊಟ್ಟ ವ್ಯಾಯಾಮವನ್ನು ಅವಳು ಹಟ ಹಿಡಿದು ಮಾಡಿದಳು. ನೋವು ದಿನೇ ದಿನೇ ಸಡಿಲವಾಯಿತು.

ಅದನ್ನು ಕಂಡ, ಅವರ ಜೊತೆಗೇ ಇದ್ದ ಅತ್ತೆ ಒಂದು ಸಂಜೆ ಮನೆಯಲ್ಲಿ ಕಾಲು ಚಾಚಿದರು.

"ಪಾದ ಜೋಮು ಹಿಡಿದಿದೆ. ಆ ಪ್ಯಾಡು ಇತ್ತ ಕೊಡೇ."

"ಕೊಡಲ್ಲ ಅತ್ತೆ."

"ನಿಂದು ಮಾತ್ರ ಮೈ, ನಂದೇನು ಮರದ ಕೊರಡಾ?"

"ನಿಮಗೆ ಸಕ್ಕರೆ ಕಾಯಿಲೆ. ನಿನ್ನೆ ಒಂದು ಚಪ್ಪಲಿ ಬೀದೀಲೇ ಬಿಟ್ಟು ಬಂದ್ರಿ, ನಿಮಗೆ ಗೊತ್ತೇ ಆಗಲಿಲ್ಲ. ಪಾದ ಸುಟ್ಟರೂ ಹಾಗೇ ಗೊತ್ತಾಗಲ್ಲ."

"ಸ್ವಲ್ಪ ಹೊತ್ತು ಕೊಡೇ, ಪಾಪ," ಎಂದ ಗಂಡ.

ಅವಳು ಪ್ಲಗ್ ಕಿತ್ತು ಪ್ಯಾಡನ್ನು ಬೀರುವಿನಲ್ಲಿಟ್ಟಳು. "ಒಂದು ನಿಮಿಷವೂ ಇಲ್ಲ. ನಾಳೆ ಅಂಗಡಿ ತಡವಾಗಿ ತೆಗೆಯೋಣ. ಮೊದಲು ಅತ್ತೆ ಕಾಲು ತೋರಿಸಬೇಕು."

ಅತ್ತೆ ದಾರಿಯುದ್ದಕ್ಕೂ ಗೊಣಗಿದರು. ಆಸ್ಪತ್ರೆಯಲ್ಲಿ ವೈದ್ಯರು ಹಿಮ್ಮಡಿಯನ್ನೆತ್ತಿ ತೋರಿಸಿದಾಗ ಗೊಣಗಾಟ ನಿಂತಿತು. ಅಲ್ಲೊಂದು ಗಾಯವಿತ್ತು. ಅತ್ತೆಗೆ ಅದರ ಸುಳಿವೇ ಇರಲಿಲ್ಲ. ಸಕಾಲಕ್ಕೆ ಬಂದಿರಿ ಎಂದ ವೈದ್ಯರು ಗಾಯಕ್ಕೆ ಪಟ್ಟಿ ಕಟ್ಟಿದರು.

ಹೊರಗೆ ಮೆಟ್ಟಿಲಿಳಿಯುವಾಗ ಅತ್ತೆ ಸೊಸೆಯ ಬಲಗೈಯತ್ತ ಕೈ ಚಾಚಿ, ಹಿಡಿಯಲು ಹಿಂಜರಿದರು.

"ಈ ಕಡೆ ಹಿಡ್ಕೊಂಡ್ರೆ ನೋಯುತ್ತೇನೋ."

"ಹಿಡ್ಕೊಳ್ಳಿ ಅತ್ತೆ. ಭಾರ ತಡೆಯುತ್ತೆ."

ಓದುಗರೇ, ದುಡಿದು ಬಿಗಿದ ಮೈಗೆ ಹದವಾದ ಶಾಖ ನಿಜಕ್ಕೂ ಆಸರೆ. ಆದರೆ ಹೊಸದಾಗಿ ಉಳುಕಿ ಊದಿಕೊಂಡಿದ್ದರೆ, ಗಾಯವಿದ್ದರೆ, ಚರ್ಮಕ್ಕೆ ಸ್ಪರ್ಶ ತಿಳಿಯದಿದ್ದರೆ ಶಾಖ ಬೇಡ. ರಬ್ಬರ್ ಚೀಲಕ್ಕೆ ಕುದಿಯುವ ನೀರು ತುಂಬಬೇಡಿ, ವೈರು ಸವೆದ ಪ್ಯಾಡ್ ಬಳಸಬೇಡಿ. ನೋವು ಬಗ್ಗದಿದ್ದರೆ, ಜ್ವರ ಬಂದರೆ, ಕೈಕಾಲು ಬಲ ಕಳೆದುಕೊಂಡರೆ ವೈದ್ಯರ ಬಳಿ ಹೋಗಿ. ಎದೆನೋವು ಜೊತೆಗಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಮನೆಯವರು ಕೇಳಿದರೆಂದು ದಾಕ್ಷಿಣ್ಯಕ್ಕೆ ಬಿದ್ದು ಶಾಖ ಕೊಡಬೇಡಿ. ಪ್ರೀತಿಯಿದ್ದರೆ ಒಮ್ಮೆ ಬೇಡವೆನ್ನಿ, ಅವರ ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ.