ಆಚೆ ಸಾಲಿನ ನೀರು

"ಉಚ್ಚೆ ಹುಯ್ಯೋಕೆ ಕೂಲಿ ಕೊಡ್ತೀನೇನೋ ಮುದಿಯಾ? ಬೆಳಗ್ಗಿಂದ ಎಷ್ಟು ಸಲ ಎದ್ದೆ, ಬೇವರ್ಸಿ?"

ಇಟ್ಟಿಗೆ ಭಟ್ಟಿಯ ಮಾಲೀಕ ನನ್ನ ನೆತ್ತಿಯ ಮೇಲೆ ನಿಂತು ಕೇಳಿದ. ನಾನು ಅಚ್ಚಿನಿಂದ ಹಸಿ ಇಟ್ಟಿಗೆ ಕಳಚುತ್ತಿದ್ದೆ. ತಲೆ ಎತ್ತಲಿಲ್ಲ.

"ಡಾಕ್ಟರಮ್ಮ ನೀರು ಕುಡಿ ಅಂದಿದ್ದಾರೆ ಧಣಿ. ಕುಡಿದಿದ್ದು ನಿಮಗೆ ತಲೆಗೇರುತ್ತೆ, ನಮಗೆ ಕೆಳಗಿಳಿಯುತ್ತೆ."

ಸಾಲಿನವರೆಲ್ಲ ಕಿಸಕ್ಕನೆ ನಕ್ಕರು. ಆಗಿನ್ನೂ ನನ್ನ ಮಾತಿಗೆ ನಗುವವರಿದ್ದರು.

ನಮ್ಮ ಕೆಲಸದಲ್ಲಿ ನೀರು ಕುಡಿಯದಿರುವುದೇ ಜಾಣತನ. ಕುಡಿದರೆ ಏಳಬೇಕು, ಎದ್ದರೆ ಕಲಸಿದ ಮಣ್ಣು ಒಣಗುತ್ತದೆ, ಬೈಗುಳ ಬೀಳುತ್ತದೆ. ಹೆಂಗಸರಿಗಂತೂ ಮರೆಯೇ ಇಲ್ಲ. ಹಾಗೆ ಬಾಯಿ ಕಟ್ಟಿ ದುಡಿದೂ ದುಡಿದೂ ನನ್ನ ತಮ್ಮ ಊಟ ಕಂಡರೆ ವಾಕರಿಸುವಂತಾದ. ಸಕ್ಕರೆ ಕಾಯಿಲೆಯಿಲ್ಲ, ಬಿಪಿಯಿಲ್ಲ, ಆದರೂ ಕಿಡ್ನಿ ಸೋಲತೊಡಗಿದೆ ಎಂದರು ಆಸ್ಪತ್ರೆಯಲ್ಲಿ.

ಅದನ್ನೇ ಹುಡುಕಿಕೊಂಡು ಬಂದವರು ಡಾಕ್ಟರಮ್ಮ. ಬಿಸಿಲಲ್ಲಿ ಬಾಯಾರಿ ದುಡಿಯುವವರ ಕಿಡ್ನಿ ಹೀಗೆ ಹಾಳಾಗುವುದು ಈಗೀಗ ಬೇರೆ ಬೇರೆ ದೇಶಗಳಲ್ಲಿ ಕಂಡುಬಂದಿದೆಯಂತೆ. ನೆರಳು, ನೀರು, ವಿರಾಮ ಕೊಟ್ಟರೆ ತಡೆಯಬಹುದೇ ಎಂದು ನೋಡಬೇಕಂತೆ. ನಮ್ಮ ಸಾಲಿಗೆ ಟಾರ್ಪಾಲು ಬಂತು, ತಣ್ಣೀರಿನ ಡ್ರಮ್ಮು ಬಂತು. ಎದುರಿನ ಸಾಲಿಗೆ ಏನೂ ಇಲ್ಲ. ತಮ್ಮ ಇದ್ದದ್ದು ಎದುರಿನ ಸಾಲಿನಲ್ಲಿ.

"ಅವರಿಗೂ ಕೊಡ್ರಮ್ಮ."

"ಹೋಲಿಸಿ ನೋಡ್ಬೇಕಲ್ಲಾ ಅಜ್ಜಾ. ಬೇಸಿಗೆ ಮುಗೀಲಿ, ಎರಡೂ ಸಾಲಿನವರ ರಕ್ತ ನೋಡ್ತೀವಿ. ವ್ಯತ್ಯಾಸ ಕಂಡ್ರೆ ಎಲ್ಲಾ ಭಟ್ಟಿಗೂ ನೆರಳು ಕೇಳ್ಬಹುದು."

"ಅಷ್ಟರಲ್ಲಿ ಇವನು ಉಳೀಬೇಕಲ್ಲಮ್ಮ."

ಅವರದ್ದೂ ನ್ಯಾಯವೇ. ಆದರೆ ನನ್ನ ತಮ್ಮ ಕಣ್ಣೆದುರೇ ಒಣಗಿದ ತುಟಿ ನೆಕ್ಕುತ್ತಿದ್ದ. ಅಚ್ಚು ಅದ್ದುವ ಬಕೆಟ್ಟನ್ನು ಚೆನ್ನಾಗಿ ಉಜ್ಜಿ, ಡ್ರಮ್ಮಿನ ನೀರು ತುಂಬಿ ಆಚೆ ತಳ್ಳಿದೆ. ಅಚ್ಚಿನ ಬಕೆಟ್ಟು ಸಾಲಿಂದ ಸಾಲಿಗೆ ಹೋಗುವುದು ಭಟ್ಟಿಯಲ್ಲಿ ಮಾಮೂಲು, ಯಾರೂ ತಿರುಗಿ ನೋಡುವುದಿಲ್ಲ. ತಮ್ಮ ಕುಡಿದ. ಪಕ್ಕದವನಿಗೂ ಕೊಟ್ಟ. ಬೇಸಿಗೆಯಿಡೀ ಆ ಸಾಲು ನಮ್ಮ ನೀರು ಕುಡಿಯಿತು. ತಮ್ಮನಿಗೆ ಊಟ ಸೇರತೊಡಗಿತು.

ರಕ್ತದ ವರದಿ ಬಂದ ದಿನ ಡಾಕ್ಟರಮ್ಮ ಮಂಕಾಗಿ ನಿಂತಿದ್ದರು. "ಎರಡೂ ಸಾಲು ಒಂದೇ ಥರ ಇದೆ. ವ್ಯತ್ಯಾಸಾನೇ ಇಲ್ಲ."

ಮಾಲೀಕ ತೊಡೆ ತಟ್ಟಿದ. "ನೋಡಿದ್ರಾ? ನೆರಳೂ ಬೇಡ, ನೀರೂ ಬೇಡ. ಈ ನನ್ಮಕ್ಳು ಹುಟ್ಟಿರೋದೇ ಬಿಸಿಲಿಗೆ. ಬಿಚ್ರೋ ಅದನ್ನ!"

"ಆಚೆ ಸಾಲಿಗೆ ನೀರು ನಾನೇ ಕೊಟ್ಟೆ," ಅಂದೆ. "ಎಲ್ಲರೂ ಕುಡಿದ್ರು. ಅದಕ್ಕೇ ಎಲ್ಲರೂ ನೆಟ್ಟಗಿದ್ದಾರೆ."

ಡಾಕ್ಟರಮ್ಮ ವರದಿ ಮಡಚಿದರು. "ಅಯ್ಯೋ ಅಜ್ಜಾ, ಇದನ್ನ ನಾನು ಹೇಗೆ ಸಾಬೀತು ಮಾಡ್ಲಿ? ಮೊದಲಿಂದ ಮಾಡ್ಬೇಕು. ಇವರು ಇನ್ನು ನನ್ನ ಒಳಗೇ ಬಿಡಲ್ಲ."

ಟಾರ್ಪಾಲು ಇಳಿಯಿತು. ಡ್ರಮ್ಮು ಕವುಚಿ ಬಿತ್ತು. ನಮ್ಮ ಸಾಲಿನವರಿಗೆ ನಾನು ನೆರಳು ಕಳೆದವನು. ಊಟದ ಹೊತ್ತಿಗೆ ಡಬ್ಬಿ ಎತ್ತಿಕೊಂಡು ದೂರ ಸರಿಯುತ್ತಾರೆ. ನಾನು ಜೋಕು ಹೊಡೆದರೆ ನಾನೇ ನಗಬೇಕು. ನನ್ನ ಜೊತೆ ಮಾತಾಡಿದವನಿಗೆ ಕೆಲಸವಿಲ್ಲ ಎಂದು ಮಾಲೀಕ ಹೇಳಿದ ಮೇಲೆ ತಮ್ಮನೂ ಬಾಯಿ ಹೊಲಿದುಕೊಂಡ.

ಮತ್ತೆ ಬಾಯಿ ಕಟ್ಟಿ ದುಡಿಯತೊಡಗಿದ್ದ ತಮ್ಮ ಇವತ್ತು ಇಟ್ಟಿಗೆ ಗುಡ್ಡೆಗೆ ಹಣೆ ಒತ್ತಿ ವಾಂತಿ ಮಾಡಿಕೊಂಡ. ಯಾರೂ ಕೆಲಸ ನಿಲ್ಲಿಸಲಿಲ್ಲ.

ನಾನು ಎದ್ದೆ. ಡ್ರಮ್ಮನ್ನು ಉರುಳಿಸಿಕೊಂಡು ಹೋಗಿ ಎರಡೂ ಸಾಲಿನ ನಡುವೆ, ಮಾಲೀಕನ ಕೋಣೆಯ ಎದುರಿಗೇ ನಿಲ್ಲಿಸಿದೆ. ಬಕೆಟ್ಟಿನಲ್ಲಿ ಹೊತ್ತು ಹೊತ್ತು ತುಂಬಿದೆ.

"ಏಯ್ ಮುದಿಯಾ! ಕೂತ್ಕೊಳ್ಳೋ ಬೋಳಿಮಗನೆ!"

ಅವನ ಮುಖ ನೋಡುತ್ತಲೇ ಒಂದು ಚೊಂಬು ಗಟಗಟ ಕುಡಿದೆ. ಮತ್ತೆ ಚೊಂಬು ತುಂಬಿ ಚಾಚಿದೆ.

"ಬಾರೋ ತಮ್ಮಾ. ಕುಡಿ. ಆಮೇಲೆ ಬೇಕಾದ್ರೆ ನನ್ನ ಜೊತೆ ಮಾತಾಡ್ಬೇಡ."

ತಮ್ಮ ಬಾಯಿ ಒರೆಸಿಕೊಂಡು ಚೊಂಬನ್ನೇ ನೋಡಿದ. ಆಗಲೇ ಅಚ್ಚಿಗೆ ಮರಳಿದ್ದ ಅವನ ಕೈ ಮೇಲೇಳಲಿಲ್ಲ. ಮಾಲೀಕ ಕೋಣೆಯ ಮೆಟ್ಟಿಲಿಳಿದ. ಎರಡೂ ಕಡೆ ಎಲ್ಲರ ತಲೆಯೂ ಬಗ್ಗಿತ್ತು. ನಾನು ಚೊಂಬು ಇಳಿಸಲಿಲ್ಲ.